ಎಳೆದ ಮಾತ್ರಕ್ಕೆ ಹಡಗು ಬರುವುದಿಲ್ಲ: ‘ಮರಳು ಹತ್ತಿದ ಯುದ್ಧನೌಕೆ’ ಕಳಿಸಿದವರಿಗೆ

ಹೊನ್ನಾವರದ ಗೆಳೆಯರೇ,

ನಿಮ್ಮ ಲೇಖನ ಓದಿದೆ. ಅಮೆರಿಕದ ಯುದ್ಧನೌಕೆ ‘ಮಿಸೌರಿ’ 1950ರ ಜನವರಿ 17ರಂದು ವರ್ಜೀನಿಯಾದ ಹ್ಯಾಂಪ್ಟನ್ ರೋಡ್ಸ್ ಎಂಬ ಬಂದರಿನ ಬಳಿ ಮರಳಿನ ದಿಬ್ಬ ಹತ್ತಿದ್ದು, ಫೆಬ್ರವರಿ 1ರಂದು ಮತ್ತೆ ತೇಲಿದ್ದು, ಇವೆರಡನ್ನೂ ತಪ್ಪಿಲ್ಲದೆ ಬರೆದಿದ್ದೀರಿ. ಭಾಷೆ ಚೊಕ್ಕವಾಗಿದೆ. ಆದರೆ ನಾಲ್ಕನೆಯ ಪುಟ ನನ್ನನ್ನು ಕೆರಳಿಸಿತು. ಉಳಿದ ಪುಟಗಳ ಬಗ್ಗೆ ಇಲ್ಲಿ ಹೆಚ್ಚೇನೂ ಹೇಳುವುದಿಲ್ಲ, ಆ ಒಂದು ಪುಟವನ್ನೇ ಹಿಡಿಯುತ್ತೇನೆ.

ನಿಮ್ಮ ವಾಕ್ಯ: ‘ಕಪ್ತಾನ ಎದೆಗುಂದಲಿಲ್ಲ; ಎಂಜಿನ್‌ಗಳನ್ನು ಪೂರ್ಣ ಬಲದಿಂದ ಹಿಂದಕ್ಕೆ ಓಡಿಸಿದ.’ ಇದನ್ನು ಧೈರ್ಯವೆಂದು ಬರೆದಿದ್ದೀರಿ. ಹಡಗು ಮರಳಿನ ಮೇಲೆ ಕೂತಾಗ ಯೋಚಿಸದೆ ಮಾಡಬಾರದ ಕೆಲಸವೇ ಇದು. ಹಿಮ್ಮುಖ ತಿರುಗುವ ಪ್ರೊಪೆಲ್ಲರು ನೀರನ್ನು ಮುಂದಕ್ಕೆ, ಅಂದರೆ ಹಡಗಿನ ತಳದ ಕಡೆಗೇ ನೂಕುತ್ತದೆ. ಆ ನೀರಿನ ಜೊತೆ ಮರಳೂ ಹೋಗಿ ತಳಕ್ಕೆ ಒತ್ತಿಕೊಳ್ಳುತ್ತದೆ. ಎಂಜಿನ್ ತಂಪಾಗಿಸಲು ಸಮುದ್ರದ ನೀರೆಳೆಯುವ ಬಾಯಿಗಳು ಅದೇ ಮರಳನ್ನು ಹೀರಿ, ಹಬೆಯನ್ನು ತಂಪಾಗಿಸಿ ನೀರಾಗಿಸುವ ಕಂಡೆನ್ಸರುಗಳು ಕಟ್ಟಿಕೊಳ್ಳುವಂತೆ ಮಾಡುತ್ತವೆ. ಬಲ್ಲವರು ಮೊದಲು ಮಾಡುವ ಕೆಲಸ ಬೇರೆ. ಸುತ್ತಲೂ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಆಳ ಅಳೆಯುತ್ತಾರೆ, ಎಲ್ಲಿ ಎಷ್ಟು ತಳ ಕೂತಿದೆ ಎಂದು ಗುರುತಿಸುತ್ತಾರೆ. ಒಂದೊಂದೇ ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿ ನೀರು ನುಗ್ಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಓದುಗನಿಗೆ ತಲೆಕೆಳಗು ಎನಿಸುವ ಕೆಲಸವೊಂದಿದೆ: ಖಾಲಿ ಟ್ಯಾಂಕುಗಳಿಗೆ ನೀರು ತುಂಬಿ ಹಡಗನ್ನು ಇನ್ನಷ್ಟು ಭಾರ ಮಾಡುತ್ತಾರೆ. ಹಗುರವಾಗಿ ಬಿಟ್ಟರೆ ಮುಂದಿನ ಉಬ್ಬರ, ಮುಂದಿನ ಅಲೆ ಅದನ್ನು ಇನ್ನೂ ದಡಕ್ಕೆ ದೂಡುತ್ತದೆ, ಇಲ್ಲವೇ ಅಡ್ಡ ತಿರುಗಿಸಿ ಅಲೆಗೆ ಪಕ್ಕೆ ಒಡ್ಡಿಸುತ್ತದೆ. ಎಳೆಯಲು ಎಲ್ಲ ಸಿದ್ಧವಾಗುವ ತನಕ ಹಡಗು ಇದ್ದಲ್ಲೇ ಇರಬೇಕು. ನಿಮ್ಮ ಕಪ್ತಾನನ ಎದೆಗಾರಿಕೆಗಿಂತ ಈ ಸಂಗತಿ ಹತ್ತು ಪಾಲು ಹೆಚ್ಚು ಕುತೂಹಲದ್ದು.

ಮುಂದಿನ ವಾಕ್ಯ: ‘ಬಲಿಷ್ಠ ರಕ್ಷಣಾ ನೌಕೆಗಳು ಉಕ್ಕಿನ ಹಗ್ಗ ಬಿಗಿದು ಶಕ್ತಿಯೆಲ್ಲ ಹಾಕಿ ಎಳೆದವು; ದೈತ್ಯ ಮಣಿಯಿತು.’ ನನ್ನ ಮುಖ್ಯ ತಕರಾರು ಇಲ್ಲೇ. ಜನವರಿ 17ರಿಂದ ಫೆಬ್ರವರಿ 1ರವರೆಗೆ ಎರಡು ವಾರ ಇವೆ. ಅಷ್ಟನ್ನೂ ಒಂದು ಅರ್ಧವಿರಾಮದೊಳಗೆ ಮುಚ್ಚಿಬಿಟ್ಟಿದ್ದೀರಿ.

ನಾನು ಉಪಸಂಪಾದಕನಾಗಿ ಕೆಲಸ ಕಲಿತದ್ದು ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ನಮ್ಮ ಹಿರಿಯರು ಇಂಥ ವಾಕ್ಯದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಹೇಗೆ?’ ಎಂದಷ್ಟೇ ಬರೆದು ಹಾಳೆ ವಾಪಸು ಕೊಡುತ್ತಿದ್ದರು. ಉತ್ತರ ಬರುವ ತನಕ ಅದು ಕಂಪೋಸಿಂಗಿಗೆ ಹೋಗುತ್ತಿರಲಿಲ್ಲ. ಅದೇ ಪ್ರಶ್ನೆ ಈಗ ನಿಮಗೆ.

ಉತ್ತರ ಶಕ್ತಿಯಲ್ಲಿಲ್ಲ, ಲೆಕ್ಕದಲ್ಲಿದೆ. ಹಡಗು ತೇಲುವಾಗ ಅದರ ಭಾರವನ್ನೆಲ್ಲ ನೀರು ಹೊರುತ್ತದೆ. ದಿಬ್ಬ ಹತ್ತಿ ಒಂದಿಷ್ಟು ಮೇಲೆದ್ದಾಗ ನೀರು ಬಿಟ್ಟುಕೊಟ್ಟ ಅಷ್ಟೂ ಭಾರ ನೆಲದ ಮೇಲೆ ಬೀಳುತ್ತದೆ. ಒಂದು ಸಾಧಾರಣ ಸರಕು ಹಡಗನ್ನು ತೆಗೆದುಕೊಳ್ಳಿ. ಅದು ಒಂದು ಸೆಂಟಿಮೀಟರ್ ಆಳಕ್ಕಿಳಿಯಲು 20 ಟನ್ ಭಾರ ಬೇಕು ಎಂದಿಟ್ಟುಕೊಳ್ಳೋಣ. ಸರಾಸರಿ 60 ಸೆಂಟಿಮೀಟರ್ ಮೇಲೆದ್ದು ಕೂತಿದ್ದರೆ ನೆಲದ ಮೇಲಿರುವ ಭಾರ 1,200 ಟನ್. ಅದನ್ನು ಜಾರಿಸಲು ಎಷ್ಟು ಎಳೆಯಬೇಕು ಎಂಬುದು ನೆಲದ ಗುಣಕ್ಕೆ ಬಿಟ್ಟದ್ದು. ಮೆತ್ತನೆಯ ಕೆಸರಾದರೆ ಆ ಭಾರದ 0.2ರಿಂದ 0.3 ಪಾಲು, ಮರಳಾದರೆ 0.3ರಿಂದ 0.4, ಹವಳದ ದಿಬ್ಬವಾದರೆ 0.5ರಿಂದ 0.8, ಬಂಡೆಯಾದರೆ 0.8ರಿಂದ 1.5. ನಮ್ಮ ಹಡಗು ಮರಳಿನ ಮೇಲಿದೆ, 0.4 ಹಿಡಿಯಿರಿ: 480 ಟನ್ ಎಳೆತ ಬೇಕು. ಅಮೆರಿಕ ನೌಕಾಪಡೆ 1980ರ ದಶಕದಲ್ಲಿ ಕಟ್ಟಿಸಿದ ‘ಸೇಫ್‌ಗಾರ್ಡ್’ ವರ್ಗದ ಹಡಗುಗಳು ಇದೇ ಕೆಲಸಕ್ಕೆಂದು ಹುಟ್ಟಿದವು. ಅಂಥ ಒಂದು ಹಡಗು ತನ್ನ ಪ್ರೊಪೆಲ್ಲರುಗಳಿಂದ ಎಳೆಯಬಲ್ಲದ್ದು ಹೆಚ್ಚುಕಡಿಮೆ 60 ಟನ್. ಎಂಟು ಹಡಗು ತಂದು ಸಾಲಾಗಿ ಕಟ್ಟುತ್ತೀರಾ?

ಅದಕ್ಕೇ ‘ಬೀಚ್ ಗೇರ್’ ಇರುವುದು. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ. ಎಳೆಯಬೇಕಾದ ದಿಕ್ಕಿನಲ್ಲಿ, ಆಳದ ನೀರಿನಲ್ಲಿ, ಮೂರು ಟನ್ನಿಗೂ ಮಿಕ್ಕಿದ ಲಂಗರು ಇಳಿಸುತ್ತಾರೆ. ಅದಕ್ಕೆ ಸುಮಾರು 27 ಮೀಟರ್ ಉದ್ದದ ದಪ್ಪ ಸರಪಳಿ, ಸರಪಳಿಯ ತುದಿಗೆ ಉಕ್ಕಿನ ತಂತಿ ಹಗ್ಗ. ಸರಪಳಿ ಯಾಕೆ ಬೇಕು? ಅದು ತನ್ನ ಭಾರದಿಂದ ತಳಕ್ಕೆ ಒರಗಿ ಲಂಗರಿನ ದಂಡ ಏಳದಂತೆ ನೋಡಿಕೊಳ್ಳುತ್ತದೆ. ದಂಡ ಕೊಂಚ ಮೇಲೆದ್ದರೂ ಕೊಕ್ಕೆಗಳು ನೆಲ ಬಿಟ್ಟು ಲಂಗರು ಎಳೆದುಕೊಂಡು ಬರುತ್ತದೆ, ದಿನವಿಡೀ ಮಾಡಿದ್ದು ವ್ಯರ್ಥ. ತಂತಿಯ ಇನ್ನೊಂದು ತುದಿ ರಕ್ಷಣಾ ನೌಕೆಯ ಇಲ್ಲವೇ ಕೂತ ಹಡಗಿನ ಡೆಕ್ಕಿನ ಮೇಲೆ. 1950ರಲ್ಲಿ ಅದನ್ನು ಉದ್ದಕ್ಕೆ ಹಾಸಿದ ರಾಟೆಗಳ ಸಾಲಿನಿಂದ ಬಿಗಿಯುತ್ತಿದ್ದರು, ಆಮೇಲೆ ದ್ರವದ ಒತ್ತಡದಿಂದ ಎಳೆಯುವ ಹೈಡ್ರಾಲಿಕ್ ಪುಲ್ಲರ್ ಬಂತು. ಇಂಥ ಒಂದು ಸಾಲು ಸುಮಾರು 50 ಟನ್ ಎಳೆಯುತ್ತದೆ. ಟಗ್ಗು, ಅಂದರೆ ಎಳೆಯುವ ನೌಕೆ, ಅಲೆಗೆ ಓಲಾಡುತ್ತದೆ, ಸೆಳವಿಗೆ ಪಕ್ಕಕ್ಕೆ ಸರಿಯುತ್ತದೆ. ಲಂಗರು ಹಾಗಲ್ಲ, ಒಂದೇ ದಿಕ್ಕಿಗೆ ಗಂಟೆಗಟ್ಟಲೆ ಹಿಡಿದಿರುತ್ತದೆ.

ಆದರೂ 480 ಟನ್ನಿಗೆ ಇಂಥ ಹತ್ತು ಸಾಲು ಬೇಕಲ್ಲ? ಹಾಗಾಗಿ ಎಳೆತ ಹೆಚ್ಚಿಸುವುದಕ್ಕಿಂತ ಭಾರ ಇಳಿಸುವುದು ಲೇಸು. ನೆಲ ತಾಗಿದ ಜಾಗದ ಮೇಲಿಂದಲೇ 400 ಟನ್ ತೆಗೆದರೆ 320 ಟನ್ ಎಳೆತ ಸಾಕು. ಎಲ್ಲಿಂದ ತೆಗೆಯುತ್ತೀರಿ ಎಂಬುದು ಮುಖ್ಯ. ಮೂತಿ ಮಾತ್ರ ಮರಳಿನಲ್ಲಿದ್ದು ಹಿಂಭಾಗ ತೇಲುತ್ತಿದ್ದರೆ, ಹಿಂದಿನ ಭಾರ ಇಳಿಸಿದಷ್ಟೂ ಹಿಂಭಾಗ ಮೇಲೆದ್ದು ಮೂತಿ ಇನ್ನೂ ಬಿಗಿಯಾಗಿ ಕೂರುತ್ತದೆ. ‘ಮಿಸೌರಿ’ಯಿಂದ ಇಂಧನ, ಮದ್ದುಗುಂಡು, ಆಹಾರದ ದಾಸ್ತಾನು ಇಳಿಸಿದರು, ಹೂಳೆತ್ತಿ ಹಿಂದೆ ಕಾಲುವೆ ತೋಡಿದರು, ಎತ್ತಿ ಹಿಡಿಯಲು ಪಾಂಟೂನುಗಳನ್ನು (ತೇಲುವ ಟೊಳ್ಳು ಪೆಟ್ಟಿಗೆಗಳನ್ನು) ಕಟ್ಟಿದರು. ಈ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದ ರಿಯರ್ ಅಡ್ಮಿರಲ್ ಹೋಮರ್ ವಾಲಿನ್, ಪರ್ಲ್ ಹಾರ್ಬರ್ ದಾಳಿಯ ಬಳಿಕ ಮುಳುಗಿದ ಹಡಗುಗಳನ್ನು ಎತ್ತಿಸಿದ ಅಧಿಕಾರಿ. ಆತನ ಹೆಸರೂ ನಿಮ್ಮಲ್ಲಿಲ್ಲ.

ಈಗ ನನಗೆ ಅತಿ ಹೆಚ್ಚು ನೋವು ಕೊಟ್ಟ ವಾಕ್ಯ: ‘ಅಂದು ಉಬ್ಬರ ಎಂದಿಗಿಂತ ಹೆಚ್ಚಾಗಿತ್ತು, ಕಡಲು ಉಕ್ಕಿ ನಗುತ್ತಿತ್ತು.’ ಗೆಳೆಯರೇ, ಇಡೀ ಕಥೆಯ ಕೀಲಿಕೈ ಇದು, ನೀವು ಅದನ್ನು ಅಲಂಕಾರಕ್ಕೆ ಬಳಸಿದ್ದೀರಿ. ನೀವಿರುವುದು ಶರಾವತಿ ಅಳಿವೆಯ ಪಕ್ಕದಲ್ಲಿ. ಅಳಿವೆಯ ಹೂಳಿನಲ್ಲಿ ಬೋಟು ಕೂತರೆ ಮೀನುಗಾರರು ಮೊದಲು ಕೇಳುವುದು ಮುಂದಿನ ಉಬ್ಬರ ಎಷ್ಟು ಹೊತ್ತಿಗೆ ಎಂದು. ಇಳಿತದಲ್ಲಿ ಕೂತ ಬೋಟನ್ನು ಉಬ್ಬರವೇ ಎತ್ತಿಕೊಡುತ್ತದೆ. ‘ಮಿಸೌರಿ’ ಹತ್ತಿದ್ದು ಅಸಾಧಾರಣ ಉಬ್ಬರದ ತುದಿಯಲ್ಲಿ. ಆಮೇಲೆ ಬರುವ ಉಬ್ಬರಗಳು ಅದಕ್ಕಿಂತ ಕಡಿಮೆ. ಹಡಗು ಎಂದಿನ ತೇಲುಮಟ್ಟಕ್ಕಿಂತ ಏಳು ಅಡಿ ಮೇಲೆದ್ದು ಕೂತಿತ್ತು, ಹಡಗುಗಳು ಸಾಗುವ ಆಳದ ಕಾಲುವೆಯಿಂದ ತನ್ನದೇ ಮೂರು ಪಟ್ಟು ಉದ್ದದಷ್ಟು ಆಚೆಗೆ. ಈ ವಾಕ್ಯವನ್ನು ಮೊದಲ ಪುಟಕ್ಕೆ ತನ್ನಿ. ಕಡಲು ನಗುವುದು ಬೇಡ.

ಕೊನೆಯದಾಗಿ, ‘ಹಗ್ಗದ ಇಕ್ಕೆಲದಲ್ಲೂ ನಿಂತ ನಾವಿಕರು ಜಯಘೋಷ ಮಾಡಿದರು.’ ಬಿಗಿದ ತಂತಿ ಹಗ್ಗದ ಪಕ್ಕ ಯಾರೂ ನಿಲ್ಲುವುದಿಲ್ಲ, ನಿಲ್ಲಲು ಬಿಡುವುದೂ ಇಲ್ಲ. ಹತ್ತಾರು ಟನ್ ಎಳೆತದಲ್ಲಿರುವ ತಂತಿ ತುಂಡಾದರೆ ಅದರ ತುದಿ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ, ಸಿಕ್ಕವರ ಕಾಲು ಹೋಗುತ್ತದೆ, ಜೀವವೂ ಹೋಗುತ್ತದೆ. ಎಳೆಯುವ ಹೊತ್ತಿಗೆ ಆ ಡೆಕ್ಕು ಖಾಲಿ ಇರುತ್ತದೆ. ಖಾಲಿ ಡೆಕ್ಕನ್ನೇ ಬರೆಯಿರಿ.

ವಿಶಾಖಪಟ್ಟಣದಲ್ಲಿ 2025ರ ಜುಲೈ 18ರಂದು ನೌಕಾಪಡೆ ಸೇರಿದ ‘ಐಎನ್‌ಎಸ್ ನಿಸ್ತಾರ್’ ಬಗ್ಗೆ ಕೊನೆಗೆ ಸೇರಿಸಿದ ಪ್ಯಾರಾ ಪೂರ್ತಿ ತೆಗೆಯಿರಿ. ಅದು 300 ಮೀಟರ್ ಆಳಕ್ಕೆ ಮುಳುಗುಗಾರರನ್ನು ಇಳಿಸುವ, ಆಪತ್ತಿನ ಸಬ್‌ಮರೀನಿನಿಂದ ಜನರನ್ನು ಹೊರತರುವ ಕಿರುನೌಕೆಗೆ ತಾಯಿಹಡಗಾಗುವ ನೌಕೆ. ಅದರ ಕೆಲಸವೇ ಬೇರೆ, ಅದಕ್ಕೆ ಪ್ರತ್ಯೇಕ ಲೇಖನ ಬೇಕು, ಅದನ್ನೂ ನೀವೇ ಬರೆಯಬಹುದು. ಸದ್ಯಕ್ಕೆ ನಾಲ್ಕನೆಯ ಪುಟವನ್ನು ನಾಲ್ಕು ಪುಟವಾಗಿಸಿ, ಜನವರಿ 17ರ ಉಬ್ಬರದಿಂದ ಶುರುಮಾಡಿ ಕಳಿಸಿ. ಜಾಗ ಕಾದಿರಿಸಿದ್ದೇನೆ.