ಕನಜಾವಾದಲ್ಲಿ ಎರಡು ದಿನ: ಸಾಂಪ್ರದಾಯಿಕ ವಸ್ತು ಕೊಳ್ಳಲೇ, ಮಾಡರ್ನ್ ಡಿಸೈನ್ ಕೊಳ್ಳಲೇ?

"ಜಪಾನಿನ ಕನಜಾವಾದಲ್ಲಿ ಎರಡು ದಿನ ಇರುತ್ತೇನೆ, 30 ಸಾವಿರ ಯೆನ್ ಇದೆ, ಅಪ್ಪ ಅಮ್ಮನಿಗೆ ಸಾಂಪ್ರದಾಯಿಕವಾದದ್ದು ಏನಾದರೂ, ನಮ್ಮ ಫ್ಲ್ಯಾಟಿಗೆ ಮಾಡರ್ನ್ ಏನಾದರೂ, ಹೇಗೆ ಹಂಚಲಿ" ಅಂತ ಕೇಳಿದ್ದೀರಿ. ಓದಿ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. 2023ರ ಅಕ್ಟೋಬರಿನಲ್ಲಿ ನಾನು ಟೋಕಿಯೋದಿಂದ ಅಲ್ಲಿಗೆ ಶಿಂಕಾನ್‌ಸೆನ್ ರೈಲು ಹತ್ತಿದಾಗ ನನ್ನ ಫೋನಿನಲ್ಲೂ ಇದೇ ಎರಡು ಪಟ್ಟಿ ಇತ್ತು. ಎರಡೂವರೆ ಗಂಟೆಯ ದಾರಿ. ಕಿಟಕಿಯಾಚೆ ಸಮುದ್ರ ಬಂದು ಹೋದದ್ದೂ ಗೊತ್ತಾಗದ ಹಾಗೆ ಪಟ್ಟಿ ತಿದ್ದುತ್ತಾ ಕೂತಿದ್ದೆ.

ಆ ಡಿಸೆಂಬರಿನಲ್ಲಿ ಪುತ್ತೂರಿನ ಮನೆಯಲ್ಲಿ ಅಪ್ಪನ ಭೀಮರಥ ಶಾಂತಿ. ಮಗ ಜಪಾನಿಗೆ ಹೋಗಿ ಬರುತ್ತಾನೆ ಅಂದಮೇಲೆ ನಾಲ್ಕು ಜನ ನೋಡುವಂಥದ್ದು ತರಬೇಕಲ್ಲ. ಕನಜಾವಾದಲ್ಲಿ ಹಿಗಾಶಿ ಚಾಯಾ ಅಂತ ಒಂದು ಕೇರಿ ಇದೆ, ಹಾಡಿ ಕುಣಿದು ಅತಿಥಿಗಳನ್ನು ರಂಜಿಸುವ ಗೇಯ್ಶಾಗಳ ಮನೆಗಳಿಗಾಗಿ 1820ರಲ್ಲಿ ಕಟ್ಟಿದ್ದು. ಇಕ್ಕೆಲದಲ್ಲೂ ಸಣ್ಣ ಸಣ್ಣ ಮರದ ಪಟ್ಟಿಗಳ ಜಾಲರಿಯ ಹಳೇ ಮನೆಗಳು, ಈಗ ಮುಕ್ಕಾಲು ಪಾಲು ಅಂಗಡಿ, ಕೆಫೆ. ನೀವೂ ಮೊದಲು ಅಲ್ಲಿಗೇ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಚಿನ್ನದ ಹಾಳೆ ಹೊದಿಸಿದ ಐಸ್‌ಕ್ರೀಮ್ ತಿನ್ನುತ್ತೀರಿ. ನಮ್ಮ ಕಾಜು ಬರ್ಫಿಯ ಮೇಲಿನ ಬೆಳ್ಳಿ ವರಕ್‌ಗೆ ಎಷ್ಟು ರುಚಿಯೋ ಅದಕ್ಕೂ ಅಷ್ಟೇ ರುಚಿ. ಆದರೆ ಜಪಾನಿನ ಚಿನ್ನದ ಹಾಳೆಯಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಈ ಒಂದೇ ಊರಿನದು, ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಇದನ್ನು ಕೇಳಿದ ಮೇಲೆ ನನಗೆ ಚಿನ್ನದ ಗುಂಗು ಹತ್ತಿತು. ಚಿನ್ನ ಕಂಡಲ್ಲೆಲ್ಲ ಕಲೆ ಕಾಣತೊಡಗಿತು.

ಅದೇ ಗುಂಗಿನಲ್ಲಿ ಒಂದು ಅಂಗಡಿಗೆ ನುಗ್ಗಿದೆ. ಮೂರು ಅಂತಸ್ತಿನ ಡಬ್ಬಿ, ಜೂಬಾಕೊ ಅನ್ನುತ್ತಾರೆ, ಹೊಸ ವರ್ಷದ ಅಡುಗೆ ತುಂಬಿಡುವುದು. ಕನ್ನಡಿಯಂಥ ಕಪ್ಪು, ಮೇಲೆ ಚಿನ್ನದ ಎರಡು ಕೊಕ್ಕರೆ. ಅದನ್ನಿಟ್ಟ ಬಿಳಿ ಮರದ ಪೆಟ್ಟಿಗೆ, ಅದಕ್ಕೊಂದು ನೇಯ್ದ ಲಾಡಿ. 16,800 ಯೆನ್, ಆಗಿನ ಲೆಕ್ಕದಲ್ಲಿ ಒಂಬತ್ತು ಸಾವಿರ ರೂಪಾಯಿಗೂ ಮೇಲೆ. "ಟ್ರೆಡಿಷನಲ್?" ಕೇಳಿದೆ. ಹೌದು ಅಂದರು. "ಈ ಇಶಿಕಾವಾ ಪ್ರಾಂತ್ಯದಲ್ಲೇ ಮಾಡಿದ್ದಾ?" ಹೌದು ಅಂದರು. ಎರಡೂ ನಿಜ. ಅವರು ಒಂದೂ ಸುಳ್ಳು ಹೇಳಲಿಲ್ಲ. ಕೇಳಬೇಕಾದ ಮೂರನೆಯ ಪ್ರಶ್ನೆಯನ್ನು ನಾನು ಕೇಳಲಿಲ್ಲ: ಇದು ಮರವಾ?

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಪೆಟ್ಟಿಗೆಯೊಳಗೆ ಬಸ್ ಟಿಕೆಟ್ಟಿನಷ್ಟು ದೊಡ್ಡ ಒಂದು ಚೀಟಿ ಅಂಟಿಸಿತ್ತು, ಪೂರ್ತಿ ಜಪಾನಿ ಅಕ್ಷರ. ನಾನು ಅದನ್ನು ಬೆಲೆಯ ಚೀಟಿ ಅಂದುಕೊಂಡೆ. ಉಡುಗೊರೆ ತಾನೇ, ಬೆಲೆ ಕಾಣಬಾರದು ಅಂತ ರಾತ್ರಿ ಹೋಟೆಲಿನಲ್ಲಿ ಕೂತು, ಕಾಗದ ಹರಿಯದ ಹಾಗೆ ಉಗುರಿನಲ್ಲಿ ಮೆಲ್ಲ ಕೆರೆದು ತೆಗೆದೆ. ಆ ಇಡೀ ಸಾಮಾನಿನಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ ಚೀಟಿ! ಜಪಾನಿನಲ್ಲಿ ಇಂಥ ಪಾತ್ರೆಗಳ ಮೇಲೆ ಎರಡು ವಿಷಯ ಬರೆಯಲೇಬೇಕು ಅಂತ ಕಾನೂನಿದೆ. ಒಂದು, ಒಳಗಿನ ಮೈ ಯಾವುದು: ಇಡೀ ಮರವೋ, ಮರದ ಪುಡಿಗೆ ರಾಳ ಸೇರಿಸಿ ಒತ್ತಿದ್ದೋ, ಪ್ಲಾಸ್ಟಿಕ್ಕೋ. ಎರಡು, ಮೇಲಿನ ಲೇಪ ಯಾವುದು: ಉರುಶಿ ಅನ್ನುವ ಮರದ ಸೊನೆಯೋ, ಯುರಿಥೇನ್ ಅನ್ನುವ ಕೃತಕ ಬಣ್ಣವೋ, ಕ್ಯಾಶ್ಯೂ ಬಣ್ಣವೋ. ಫೋನಿನ ಕ್ಯಾಮೆರಾ ಹಿಡಿದಿದ್ದರೆ ಹತ್ತು ಸೆಕೆಂಡಿನ ಕೆಲಸ. ಆದರೆ ಆ ಹೊತ್ತಿಗೆ ನಾನು ಪಾಸ್‌ಪೋರ್ಟ್ ತೋರಿಸಿ 10 ಪರ್ಸೆಂಟ್ ತೆರಿಗೆ ಉಳಿಸಿದ ಖುಷಿಯಲ್ಲಿದ್ದೆ. 1,680 ಯೆನ್ ಉಳಿಸುವ ಗಡಿಬಿಡಿಯಲ್ಲಿ 16,800 ಕಳೆದುಕೊಂಡೆ.

ಗುಟ್ಟು ಒಡೆದದ್ದು ಪುತ್ತೂರಿನಲ್ಲಿ. ಶಾಂತಿಯೆಲ್ಲ ಮುಗಿದ ಮೇಲೆ ಚಾವಡಿಯಲ್ಲಿ ನೆಂಟರ ಮುಂದೆ ಪೆಟ್ಟಿಗೆ ಬಿಚ್ಚಿದೆ. ಅಮ್ಮ ಮುಚ್ಚಳ ಎತ್ತಿ ಕೈಯಲ್ಲಿ ತೂಗಿ ನೋಡಿದರು, ಉಗುರಿನಿಂದ ಎರಡು ಸಲ ಟಕಟಕ ಅಂತ ಬಡಿದರು. "ಇದು ಪ್ಲಾಸ್ಟಿಕ್ ಅಲ್ವಾ ಮಾರಾಯ?" ನಾನು ಜಪಾನಿನ ನಾನೂರು ವರ್ಷದ ಪರಂಪರೆ ಅಂತೆಲ್ಲ ಶುರುಮಾಡಿದೆ. "ಇರಬಹುದು, ಪ್ಲಾಸ್ಟಿಕ್ಕೇ" ಅಂದರು. ಅಪ್ಪ ಪಾಪ, "ಚಂದ ಉಂಟು, ಚಂದ ಉಂಟು" ಅಂತ ನಾಲ್ಕು ಸಲ ಹೇಳಿದರು. ಆ ಚೀಟಿಯನ್ನು ನಾನು ಲೆಕ್ಕಕ್ಕೆ ಬೇಕಾದೀತು ಅಂತ ರಸೀದಿಯ ಹಿಂದೆ ಅಂಟಿಸಿಟ್ಟಿದ್ದೆ. ರಾತ್ರಿ ಹುಡುಕಿ ಕ್ಯಾಮೆರಾ ಹಿಡಿದೆ. ಮೈ: ಎಬಿಎಸ್ ರಾಳ, ಅಂದರೆ ಪ್ಲಾಸ್ಟಿಕ್ಕೇ. ಲೇಪ: ಯುರಿಥೇನ್. ಕೊಕ್ಕರೆಗಳು ಅಚ್ಚೊತ್ತಿದವು.

ನಾಚಿಕೆಗೇ ಆಮೇಲೆ ಇದನ್ನೆಲ್ಲ ಓದಿಕೊಂಡೆ. ಉರುಶಿ ಅಂದರೆ ಮರದ ಸೊನೆ. ಚನ್ನಪಟ್ಟಣದ ಬೊಂಬೆಯ ಅರಗು ಹುಳದಿಂದ ಬರುವುದು, ಇದು ಮರದ ತೊಗಟೆಗೆ ಗೀರು ಹಾಕಿ ಇಳಿಸುವುದು. ಒಣಗಿಸಲು ಬಿಸಿಲಲ್ಲ, ತೇವದ ಗಾಳಿ ಬೇಕು. ಹಸಿ ಸೊನೆ ತಾಗಿದರೆ ಮೈಯೆಲ್ಲ ತುರಿಕೆ, ಗುಳ್ಳೆ. ನಮ್ಮ ಕಡೆ ಗೇರುಬೀಜ ಸುಡುವಾಗ ತುಟಿ ಸುಟ್ಟುಕೊಂಡವರಿಗೆ ಇದು ಬೇಗ ಅರ್ಥವಾದೀತು. ಗೇರು, ಮಾವು, ಉರುಶಿ ಮೂರೂ ಒಂದೇ ಕುಟುಂಬದ ಮರಗಳು. ಮೇಲೆ ಹೇಳಿದ ಕ್ಯಾಶ್ಯೂ ಬಣ್ಣ ಇದೆಯಲ್ಲ, ಅದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಬದಲಿ ಲೇಪ. ಗೇರು ಸಂಶೋಧನಾ ಕೇಂದ್ರ ಇರುವ ಊರಿನ ಹುಡುಗನಿಗೆ ಇದು ಗೊತ್ತಾಗಲು ಕನಜಾವಾಕ್ಕೆ ಹೋಗಿ ಮೋಸಹೋಗಬೇಕಾಯಿತು.

ಆ ಸೀಮೆಯಲ್ಲಿ ಒಂದು ಮಾತಿದೆ: ಮರದ ಮೈಗೆ ಯಾಮಾನಾಕಾ, ಬಳಿಯಲು ವಾಜಿಮಾ, ಚಿನ್ನದ ಚಿತ್ರಕ್ಕೆ ಕನಜಾವಾ. ಮೂರೂ ಇಶಿಕಾವಾ ಪ್ರಾಂತ್ಯದ ಊರುಗಳೇ. ವಾಜಿಮಾದ ಒಂದು ಬಟ್ಟಲು ನೂರಕ್ಕೂ ಹೆಚ್ಚು ಹಂತ ದಾಟಿ ಹೊರಬರುತ್ತದೆ. ಹಾಗಿರುವಾಗ ಮೂರಂತಸ್ತಿನ ಮರದ ಡಬ್ಬಿ, ಕೈಯಲ್ಲಿ ಬರೆದ ಚಿನ್ನದ ಕೊಕ್ಕರೆ, 16,800 ಯೆನ್ನಿಗೆ ಹೇಗೆ ಸಿಕ್ಕೀತು? ಈ ಗುಣಾಕಾರ ನನಗೆ ಆಗ ಹೊಳೆಯಲೇ ಇಲ್ಲ. ಅದೇ ಅಂಗಡಿಯ ಮೂಲೆಯಲ್ಲಿ ಚಿನ್ನವಿಲ್ಲದ, ಚಿತ್ರವಿಲ್ಲದ, ಮರದ ಗೆರೆ ಕಾಣುವ ಒಂದು ಕಂದು ಬಟ್ಟಲು ಇತ್ತು, 7,500 ಯೆನ್. ಒಂದು ಬಟ್ಟಲಿಗೆ ಇಷ್ಟಾ ಅಂತ ನಕ್ಕು ಮುಂದೆ ಹೋಗಿದ್ದೆ. ಯಾಮಾನಾಕಾದವರು ಕಡೆದ ಮರಕ್ಕೆ ಉರುಶಿ ಒರೆಸಿದ, ಅಪ್ಪಟ ಮಾಲು ಅದು.

ಯುರಿಥೇನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದೇ ಒಳ್ಳೆಯದು. ಉರುಶಿಯನ್ನು ಸಾಮಾನ್ಯವಾಗಿ ಪಾತ್ರೆ ತೊಳೆಯುವ ಮಷೀನಿಗೂ ಮೈಕ್ರೋವೇವಿಗೂ ಹಾಕುವಂತಿಲ್ಲ, ನೀರಲ್ಲಿ ನೆನೆಹಾಕುವಂತಿಲ್ಲ. ಆದರೆ ಯುರಿಥೇನಿಗೆ ಕೊಡಬೇಕಾದ ದುಡ್ಡು ಬೇರೆ.

ಇನ್ನು ನಿಮ್ಮ ಪ್ರಶ್ನೆ. ಅಪ್ಪ ಅಮ್ಮನಿಗೆ ಸಂಪ್ರದಾಯ, ನಿಮಗೆ ಮಾಡರ್ನ್ ಅನ್ನುವ ಈ ಹಂಚಿಕೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ನನಗೆ ಪ್ಲಾಸ್ಟಿಕ್ ಕೊಳ್ಳಿಸಿದ್ದೂ ಅದೇ. ಸಾಂಪ್ರದಾಯಿಕ ಅಂದರೆ ಚಿನ್ನ, ಕೊಕ್ಕರೆ, ಲಾಡಿ ಕಟ್ಟಿದ ಪೆಟ್ಟಿಗೆ ಅಂತ ಮೊದಲೇ ತಲೆಯಲ್ಲಿ ಕೂತಿದ್ದರೆ ಯಾರು ಬೇಕಾದರೂ ಮಾರಬಹುದು. 2025ರಲ್ಲಿ ಎರಡನೇ ಸಲ ಹೋದಾಗ ಓವಾರಿಚೋ ಬೀದಿಯಲ್ಲಿ ಯಾನಾಗಿ ಸೋರಿ ಸ್ಮಾರಕ ಡಿಸೈನ್ ಸಂಸ್ಥೆಗೆ ಹೋದೆ. ಪ್ರವೇಶ ಉಚಿತ. ಈ ಮನುಷ್ಯ ಜಪಾನಿನ ಆಧುನಿಕ ಡಿಸೈನಿನ ದೊಡ್ಡ ಹೆಸರು, 1950ರ ದಶಕದಲ್ಲಿ ಬಾಗಿಸಿದ ಪ್ಲೈವುಡ್ಡಿನ ಚಿಟ್ಟೆ ಆಕಾರದ ಸ್ಟೂಲ್ ಮಾಡಿದವರು. ಈ ಊರಿನ ಕಲಾ ಕಾಲೇಜಿನಲ್ಲಿ ದಶಕಗಟ್ಟಲೆ ಪಾಠ ಹೇಳಿದರು. ಅವರ ಅಪ್ಪ ಯಾನಾಗಿ ಸೋಎತ್ಸು, ಹೆಸರಿಲ್ಲದ ಕುಂಬಾರರ, ನೇಕಾರರ ದಿನಬಳಕೆಯ ವಸ್ತುಗಳಲ್ಲೇ ಚೆಲುವಿದೆ ಅಂತ ಮಿಂಗೇಯ್ ಚಳವಳಿ ಕಟ್ಟಿದವರು. ಅಪ್ಪ ಜನಪದ, ಮಗ ಮಾಡರ್ನ್, ಮನೆ ಒಂದೇ. ನಿಮ್ಮ ಎರಡು ಪಟ್ಟಿಯಲ್ಲಿ ಇವರನ್ನು ಎಲ್ಲಿ ಹಾಕುತ್ತೀರಿ?

ಆ ಸಲ ಅಮ್ಮನಿಗೆ ತಂದದ್ದು ಮಗ ಯಾನಾಗಿ ವಿನ್ಯಾಸದ ಒಂದು ಸ್ಟೀಲ್ ಸೌಟು, ಎರಡು ಸಾವಿರ ಯೆನ್ ಆಸುಪಾಸು. ಜಪಾನಿನಿಂದ ಸೌಟು ತರುತ್ತಾರಾ ಅಂತ ಅಕ್ಕ ನಕ್ಕಳು. ಈಗ ಸಾರು ಬಡಿಸಲು ಅಮ್ಮನಿಗೆ ಬೇರೆ ಸೌಟು ಆಗುವುದಿಲ್ಲ. ಅಪ್ಪನಿಗೆ ಆ ಕಂದು ಬಟ್ಟಲಿನಂಥದ್ದೇ ಒಂದು, ಬೇರೆ ಅಂಗಡಿಯಿಂದ. ರಾತ್ರಿ ಗಂಜಿ ಅದರಲ್ಲೇ. ಬಿಸಿ ಗಂಜಿ ಹಾಕಿದರೂ ಕೈ ಸುಡುವುದಿಲ್ಲ ಅಂತ ಬಂದವರಿಗೆಲ್ಲ ಹಿಡಿದು ನೋಡಿ ಅನ್ನುತ್ತಾರೆ.

ಹಾಗಾಗಿ ಮೊದಲ ದಿನ ಏನೂ ಕೊಳ್ಳಬೇಡಿ, ಪರ್ಸನ್ನು ಹೋಟೆಲಿನಲ್ಲೇ ಬಿಟ್ಟರೂ ಸರಿ. ಕೆನ್‌ರೊಕುಯೆನ್ ತೋಟದ ಪಕ್ಕದಲ್ಲೇ ಪ್ರಾಂತ್ಯದ ಕರಕುಶಲ ವಸ್ತು ಸಂಗ್ರಹಾಲಯ ಇದೆ, 36 ಬಗೆಯ ಕಸುಬುಗಳನ್ನು ಒಂದೇ ಸೂರಿನಡಿ ನೋಡಬಹುದು. 2020ರಲ್ಲಿ ಟೋಕಿಯೋದಿಂದ ಇಲ್ಲಿಗೆ ಬಂದ ರಾಷ್ಟ್ರೀಯ ಕರಕುಶಲ ಮ್ಯೂಸಿಯಮ್ಮೂ ನಡೆದುಹೋಗುವಷ್ಟು ಹತ್ತಿರ. ಕಣ್ಣು ಪಳಗಲಿ. ಕಾಗಾ ಯೂಝೆನ್ ಅಂತ ಇಲ್ಲಿನ ಚಿತ್ರ ಬರೆದ ರೇಷ್ಮೆ ಇದೆ, ಅದರಲ್ಲಿ ಎಲೆ ಬರೆದರೆ ಹುಳ ತಿಂದ ತೂತನ್ನೂ ಬರೆಯುತ್ತಾರೆ, ಅದನ್ನು ಹುಡುಕಿ ನೋಡಿ. ಮರುದಿನ ಶಿಂತತೆಮಾಚಿ ಬೀದಿಗೆ ಹೋಗಿ. ಹಳೇ ಸಾಮಾನಿನ ಅಂಗಡಿ, ಚಿಕ್ಕ ಚಿಕ್ಕ ಕೈಕೆಲಸದ ಅಂಗಡಿಗಳು, ಜನ ಕಡಿಮೆ, ಕೇಳಿದರೆ ಸಮಾಧಾನವಾಗಿ ಹೇಳುತ್ತಾರೆ. ಕುತಾನಿ ಪಿಂಗಾಣಿ ಕೊಳ್ಳುವುದಾದರೆ ಕೈಯಲ್ಲಿ ಬರೆದದ್ದಾ, ಅಚ್ಚಾ ಅಂತ ಬಾಯಿಬಿಟ್ಟು ಕೇಳಿ. ವಾಜಿಮಾ ಬಟ್ಟಲು ನಿಮ್ಮ ಬಜೆಟ್ಟನ್ನು ಒಂದೇ ಸಲಕ್ಕೆ ನುಂಗಿಬಿಟ್ಟೀತು, ಚಾಪ್‌ಸ್ಟಿಕ್ ಆದರೂ ತೆಗೆದುಕೊಳ್ಳಿ. 2024ರ ಜನವರಿ 1ರ ಭೂಕಂಪದಲ್ಲಿ ಆ ಊರಿನ ಬೆಳಗಿನ ಸಂತೆಯ ಬೀದಿಯೇ ಸುಟ್ಟುಹೋಯಿತು, ಎಷ್ಟೋ ಉರುಶಿ ಕೆಲಸದವರ ಕಾರ್ಖಾನೆಗಳು ನೆಲಕಚ್ಚಿದವು.

ಲೇಪದ ವಿಷಯದಲ್ಲಿ ಒಂದೇ ಒಂದು ಅಕ್ಷರ ಕಲಿತು ಹೋಗಿ. ಉರುಶಿಯ ಅಕ್ಷರದಲ್ಲಿ (漆) ಎಡಕ್ಕೆ ನೀರು ಹನಿಸಿದ ಹಾಗೆ ಮೂರು ಗೀರು, ಬಲಕ್ಕೆ ಮೇಲೆ ಮರ, ನಡುವೆ ಸೂರಿನ ಹಾಗೆ ಎರಡು ಗೀರು, ಅದರ ಕೆಳಗೆ ಮತ್ತೆ ನೀರು. ಚೀಟಿಯ ಲೇಪದ ಸಾಲಿನಲ್ಲಿ ಅದು ಕಾಣದಿದ್ದರೆ ಉರುಶಿಯ ಬೆಲೆ ಕೊಡಬೇಡಿ. ಮೈ ಯಾವುದು ಅನ್ನುವ ಸಾಲಿಗೆ ಕ್ಯಾಮೆರಾ ಹಿಡಿಯಿರಿ, ಬರೀ ಅಕ್ಷರ ನೋಡಿ ನಂಬಬೇಡಿ, ಪ್ಲಾಸ್ಟಿಕ್ಕಿನ ಮೇಲೂ ಉರುಶಿ ಬಳಿಯುತ್ತಾರೆ.

ನನ್ನ ಜೂಬಾಕೊ ಈಗ ದೇವರ ಕೋಣೆಯಲ್ಲಿದೆ. ಮೇಲಿನ ಅಂತಸ್ತಿನಲ್ಲಿ ಹೂಬತ್ತಿ, ನಡುವಿನದರಲ್ಲಿ ಕರ್ಪೂರ, ಕೆಳಗಿನದರಲ್ಲಿ ರಬ್ಬರ್ ಬ್ಯಾಂಡು. ಅಂದ ಹಾಗೆ, ನಿಮ್ಮ ಎರಡು ದಿನದಲ್ಲಿ ಸೋಮವಾರ ಇಲ್ಲದ ಹಾಗೆ ನೋಡಿಕೊಳ್ಳಿ, ರಾಷ್ಟ್ರೀಯ ಕರಕುಶಲ ಮ್ಯೂಸಿಯಂ ಆವತ್ತು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ.