ಕಜಾನ್‌ನ ಬಾಬಾಯ್

ಮೆಡಿಕಲ್ ಓದೋಕೆ ರಷ್ಯಾದ ತಾತಾರ್‌ಸ್ತಾನ ಗಣರಾಜ್ಯದ ರಾಜಧಾನಿ ಕಜಾನ್‌ಗೆ ಬರ್ತಿದ್ದೀಯ, ಸಂತೋಷ ತಮ್ಮಾ. ಚಳಿ ಎಷ್ಟು, ಊಟ ಹೇಗೆ, ಸೀನಿಯರ್‌ಗಳು ಹೇಳೋ ‘ಬಾಬಾಯ್’ ಯಾರು ಅಂತ ಕೇಳಿದ್ದೀಯ. ಬೂಟು, ಜಾಕೆಟ್ ಇಲ್ಲೇ ತಗೋ. ಅಕ್ಕಿ, ಬೇಳೆ ಸಿಗುತ್ತೆ. ಸಾರಿನಪುಡಿ ಮಾತ್ರ ಅಮ್ಮನ ಕೈಯದೇ ತಾ. ಬಂದ 7 ಕೆಲಸದ ದಿನಗಳೊಳಗೆ ವಿಳಾಸದ ನೋಂದಣಿ ಆಗಬೇಕು. ದೇಶದೊಳಗೆ ಬರುವಾಗ ಕೊಡೋ ಮೈಗ್ರೇಷನ್ ಕಾರ್ಡ್ ಪಾಸ್‌ಪೋರ್ಟ್ ಒಳಗೇ ಇರಲಿ.

ಬಾಬಾಯ್ ಅಂದ್ರೆ ಇಲ್ಲಿನ ತಾತಾರ್ ಜನರ ಭಾಷೆಯಲ್ಲಿ ಅಜ್ಜ. ಇಲ್ಲಿ ಆ ಹೆಸರಲ್ಲಿ ಕರೆಯೋದು ಮಿಂತಿಮೆರ್ ಶೈಮಿಯೆವ್ ಅವರನ್ನ. 1937ರಲ್ಲಿ ಅಕ್ತಾನಿಶ್ ಜಿಲ್ಲೆಯ ಅನ್ಯಾಕೊವೊ ಹಳ್ಳಿಯಲ್ಲಿ ಹುಟ್ಟಿ, ಕಜಾನ್‌ನ ಕೃಷಿ ಕಾಲೇಜಲ್ಲಿ ಮೆಕ್ಯಾನಿಕಲ್ ಓದಿದವರು. 1969ರಿಂದ 1983ರವರೆಗೆ ನೀರಾವರಿ ಮಂತ್ರಿ. ಒಂದೇ ಖಾತೆಯಲ್ಲಿ 14 ವರ್ಷ, ನಮ್ಮ ಕಡೆ ಯಾರಾದ್ರೂ ನಂಬ್ತಾರಾ? 1989ರಲ್ಲಿ ಇಲ್ಲಿನ ಕಮ್ಯುನಿಸ್ಟ್ ಪಕ್ಷದ ಮೊದಲ ಕಾರ್ಯದರ್ಶಿ, 1991ರಿಂದ 2010ರವರೆಗೆ ತಾತಾರ್‌ಸ್ತಾನದ ಅಧ್ಯಕ್ಷ.

ಅಸಲಿ ಕೆಲಸ 1992ರದು. ಮಾರ್ಚ್ 21ರ ಜನಮತಗಣನೆಯಲ್ಲಿ ಶೇ. 61 ಮಂದಿ ಸಾರ್ವಭೌಮತ್ವಕ್ಕೆ ಹೌದು ಅಂದ್ರು. ಹತ್ತೇ ದಿನಕ್ಕೆ ಮಾಸ್ಕೋದಲ್ಲಿ ರಷ್ಯಾ ಮತ್ತು ಅದರ ಗಣರಾಜ್ಯಗಳ ನಡುವೆ ಒಕ್ಕೂಟದ ಒಪ್ಪಂದ. ಸಹಿ ಹಾಕದೆ ಉಳಿದದ್ದು ತಾತಾರ್‌ಸ್ತಾನ, ಚೆಚೆನ್ಯಾ ಎರಡೇ. ಚೆಚೆನ್ಯಾಕ್ಕೆ 1994ರ ಡಿಸೆಂಬರ್‌ನಲ್ಲಿ ಟ್ಯಾಂಕುಗಳು ನುಗ್ಗಿದವು. ಶೈಮಿಯೆವ್ ಅಷ್ಟರಲ್ಲೇ, ಫೆಬ್ರವರಿ 15ಕ್ಕೆ, ಆಗಿನ ರಷ್ಯಾ ಅಧ್ಯಕ್ಷ ಯೆಲ್ಟ್ಸಿನ್ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿದ್ರು. ಬಾಗಿಲು ಮುಚ್ಚಲೂ ಇಲ್ಲ, ಒಳಗೆ ಹೋಗಿ ಕೂರಲೂ ಇಲ್ಲ, ಹೊಸ್ತಿಲ ಮೇಲೇ ನಿಂತು ಎರಡು ವರ್ಷ ಮಾತಾಡಿದ್ರು.

ಹಾಗಂತ ಹಾಲಿನಂಥ ಪ್ರಜಾಪ್ರಭುತ್ವ ಅನ್ಕೋಬೇಡ. 1991ರಲ್ಲೂ 1996ರಲ್ಲೂ ಎದುರಾಳಿಯೇ ಇರಲಿಲ್ಲ. 2005ರಲ್ಲಿ ನೇರ ಚುನಾವಣೆಯೂ ಇಲ್ಲ, ಪುಟಿನ್ ಸೂಚಿಸಿದ್ರು, ಇಲ್ಲಿನ ಶಾಸನಸಭೆ ಒಪ್ಪಿತು. ಮಾಸ್ಕೋ ಜೊತೆಗಿನ 2007ರ ಎರಡನೇ ಒಪ್ಪಂದ 2017ಕ್ಕೆ ಮುಗಿದದ್ದು ಮತ್ತೆ ಮುಂದುವರಿಯಲಿಲ್ಲ. ಅದೇ ವರ್ಷ ಶಾಲೆಗಳಲ್ಲಿ ತಾತಾರ್ ಕಡ್ಡಾಯ ಹೋಗಿ, ಇಷ್ಟ ಇದ್ದವರಿಗೆ ವಾರಕ್ಕೆ ಎರಡೇ ತಾಸು ಅನ್ನೋ ಹಾಗಾಯ್ತು. ಈ ವಿಷಯ ಹಾಸ್ಟೆಲ್‌ನಲ್ಲಿ ನೀನಾಗಿ ಎತ್ತಬೇಡ. ಹಿರಿಯರು ಹೇಳಿದ್ರೆ ಸುಮ್ಮನೆ ಕೇಳು. ತಾತಾರರನ್ನು ‘ರಷ್ಯನ್’ ಅಂತ ಕರೆದುಬಿಟ್ಟೀಯ, ಮುಖ ಸಪ್ಪಗಾಗುತ್ತೆ.

ಬೆಂಗಳೂರಲ್ಲಿ ಹತ್ತು ವರ್ಷ ಇದ್ದೂ ಕನ್ನಡ ಕಲಿಯದವರನ್ನ ಬೈಯೋ ನಾನು ಇಲ್ಲಿ ಬರೀ ರಷ್ಯನ್ ಕಲಿತೆ. ಅದೊಂದು ಮುಳ್ಳು ಇನ್ನೂ ಚುಚ್ಚುತ್ತೆ. 2005ರಲ್ಲಿ ಬಾಬಾಯ್ ಕಾಲದಲ್ಲೇ ಶುರುವಾದ ಮೆಟ್ರೋದಲ್ಲಿ ಪ್ರತಿ ನಿಲ್ದಾಣವನ್ನೂ ತಾತಾರ್‌ನಲ್ಲೂ ಕೂಗ್ತಾರೆ. ಇಯರ್‌ಫೋನ್ ತೆಗೆದು ಕೇಳು. ‘ಕಿಲೆಸೆ’ ಅಂದ್ರೆ ಮುಂದಿನದು. ಇಳಿಯುವಾಗ ದಾರಿ ಬಿಟ್ಟ ಅಜ್ಜಿಗೆ ‘ರಹ್ಮೆತ್’, ಅಂದ್ರೆ ಧನ್ಯವಾದ, ಅನ್ನು.