ಓದುಗರ ಪ್ರಶ್ನೆ: ಗೆರೆ ದಾಟಿದ ಕ್ಯಾಮೆರಾ

ಪ್ರಶ್ನೆ: ನಾನು ಮಾಧ್ಯಮ ವಿದ್ಯಾರ್ಥಿನಿ. ಮಲ್ಪೆ ಬಂದರಿನ ಧಕ್ಕೆಯಲ್ಲಿ ಮೀನು ವ್ಯಾಪಾರವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಜೋಡಿಸಿ ನೋಡಿದರೆ ಮಾರುವವರೂ ಕೊಳ್ಳುವವರೂ ಒಂದೇ ದಿಕ್ಕಿಗೆ ನೋಡಿ ಮಾತಾಡುವಂತಿದೆ. ಕೆಲವು ಕಟ್‌ಗಳು ಗಕ್ಕನೆ ಹಾರುತ್ತವೆ. ಎಡಿಟಿಂಗ್‌ನಲ್ಲಿ ಸರಿಯಾದೀತೇ?
– ಓದುಗರು, ಉಡುಪಿ

ಉತ್ತರ: ಅರ್ಧ ಸರಿಯಾದೀತು. ಮಾತಾಡುವ ಇಬ್ಬರ ನಡುವೆ ನೆಲದ ಮೇಲೊಂದು ಗೆರೆ ಎಳೆದಿದೆ ಎಂದುಕೊಳ್ಳಿ. ಕ್ಯಾಮೆರಾ ಅದರ ಒಂದೇ ಬದಿಯ 180 ಡಿಗ್ರಿಯೊಳಗಿದ್ದರೆ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ನೋಡುತ್ತಾರೆ. ಗಿರಾಕಿಗಳ ನೂಕಾಟದಲ್ಲಿ ನೀವು ಆ ಗೆರೆ ದಾಟಿ ಬುಟ್ಟಿಯ ಆಚೆ ಬದಿಗೆ ಹೋಗಿದ್ದೀರಿ, ಅಷ್ಟೆ. ಚಿತ್ರವನ್ನು ಎಡಬಲ ಮಗುಚುವ ಉಪಾಯ ಬೇಡ: ಬೋಟಿನ ಹೆಸರು ಉಲ್ಟಾ ಆಗುತ್ತದೆ, ಸೆರಗು ಬಲ ಹೆಗಲಿಗೆ ಹೋಗುತ್ತದೆ. ಆ ಎರಡು ಶಾಟ್‌ಗಳ ನಡುವೆ ಬುಟ್ಟಿಯ ಬಂಗುಡೆಯನ್ನೋ ನೋಟು ಎಣಿಸುವ ಕೈಯನ್ನೋ ನೇರ ಮೇಲಿನಿಂದ ತೆಗೆದು, 3 ಸೆಕೆಂಡು ಇಡಿ. ನೋಡುಗರ ಕಣ್ಣು ಹಳೆಯ ದಿಕ್ಕನ್ನು ಬಿಟ್ಟುಕೊಡುತ್ತದೆ.

ಹಾರುವ ಕಟ್‌ಗೆ ಕಾರಣ ಬೇರೆ. ಒಂದೇ ಕಡೆ ನಿಂತು, ಒಂದೇ ಅಳತೆಯಲ್ಲಿ ತೆಗೆದ ಎರಡು ತುಂಡು ಕೂಡಿಸಿದರೆ ಮನುಷ್ಯ ಜಿಗಿದಂತೆ ಕಾಣುತ್ತಾನೆ. ಎರಡನೆಯ ಶಾಟ್‌ಗೆ ಕನಿಷ್ಠ 30 ಡಿಗ್ರಿ ಸರಿಯಿರಿ. ಮಿಡ್ ಶಾಟ್ (ಸೊಂಟದಿಂದ ಮೇಲಿನ ಚಿತ್ರ) ಇದ್ದದ್ದು ಕ್ಲೋಸಪ್ ಆಗಲಿ. ಮೀನು ಕತ್ತರಿಸುವ ಕೆಲಸ ನಿಮಗೆ ಅನುಕೂಲ, ಏಕೆಂದರೆ ಅದೇ ಕೈ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತದೆ. ಒಮ್ಮೆ ದೂರದಿಂದ, ಇನ್ನೊಮ್ಮೆ ಹತ್ತಿರದಿಂದ ತೆಗೆಯಿರಿ. ಕತ್ತಿ ಅರ್ಧ ಇಳಿದಾಗ ಕಟ್ ಮಾಡಿ. ಒಂದೇ ಕ್ಯಾಮೆರಾ ಎಂದು ಯಾರಿಗೂ ತಿಳಿಯದು. ಪ್ರತಿ ಶಾಟ್‌ನ ಹಿಂದೆ ಮುಂದೆ 5 ಸೆಕೆಂಡು ಹೆಚ್ಚು ಓಡಿಸಿ. ಧಕ್ಕೆಯ ಗದ್ದಲವನ್ನೂ ಬೇರೆಯಾಗಿ ಒಂದು ನಿಮಿಷ ದಾಖಲಿಸಿಕೊಳ್ಳಿ. ಅದನ್ನು ಕಟ್‌ಗಳ ಅಡಿಯಲ್ಲಿ ಹಾಸಿದರೆ ಶಬ್ದದ ಜಿಗಿತ ಮುಚ್ಚಿಹೋಗುತ್ತದೆ.

ಬಾಕಿ ಶಾಟ್‌ಗಳನ್ನು ಮಳೆಗಾಲಕ್ಕೆ ಉಳಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ದಡದಲ್ಲಿರುತ್ತವೆ.

ಪ್ರಶ್ನೆ: ಸಂದರ್ಶನದ ಧ್ವನಿ ಬೇರೆ ರೆಕಾರ್ಡರ್‌ನಲ್ಲಿದೆ. ಆರಂಭದಲ್ಲಿ ತುಟಿಗೆ ಹೊಂದುತ್ತದೆ, ಹತ್ತು ನಿಮಿಷದಲ್ಲಿ ತಪ್ಪುತ್ತದೆ. ಏಕೆ?
– ಓದುಗರು, ಮಂಗಳೂರು

ಉತ್ತರ: ಮೊಬೈಲ್ ಫ್ರೇಮ್ ವೇಗವನ್ನು, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು, ಸ್ಥಿರವಾಗಿ ಇಡದಿರುವುದೇ ಹೆಚ್ಚಾಗಿ ಕಾರಣ. ಉಚಿತ ಹ್ಯಾಂಡ್‌ಬ್ರೇಕ್ ತಂತ್ರಾಂಶದ ವಿಡಿಯೋ ವಿಭಾಗದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ, ನೀವು ಚಿತ್ರೀಕರಿಸಿದ ವೇಗವನ್ನೇ ಇಟ್ಟು ಪರಿವರ್ತಿಸಿ. 30ರದ್ದನ್ನು 25ಕ್ಕೆ ಇಳಿಸಿದರೆ ಚಲನೆ ಕುಂಟುತ್ತದೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ತಂತ್ರಾಂಶ ಬಳಸುವುದಾದರೆ ಪ್ರಾಜೆಕ್ಟಿನ ಫ್ರೇಮ್‌ರೇಟನ್ನು ಕ್ಲಿಪ್ ತರುವ ಮೊದಲೇ ಹೊಂದಿಸಿ, ಆಮೇಲೆ ಬದಲಿಸಲು ಬಿಡುವುದಿಲ್ಲ. ಮುಂದಿನ ಸಲ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಡಿ: ನಮ್ಮ ವಿದ್ಯುತ್ತು 50 ಹರ್ಟ್ಸ್, ಟ್ಯೂಬ್‌ಲೈಟ್ ಮಿನುಗುವುದೂ ತಪ್ಪುತ್ತದೆ.